ಎಡಗಡೆಯ ಹೊಟ್ಟೆ

ಎಮ್ಮೆಯ ದೊಡ್ಡ ಹೊಟ್ಟೆ ಎಡಗಡೆ ಇರುತ್ತದೆ. ಆ ದಿನದ ಬಗ್ಗೆ ನಾನು ಆಣೆಯಿಟ್ಟು ಹೇಳಬಲ್ಲ ಮಾತು ಇದೊಂದೇ. ಉಳಿದದ್ದನ್ನು ನೆನಪಿದ್ದಂತೆ ಬರೆಯುತ್ತೇನೆ. ಆ ನೆನಪು ಎಂಥದ್ದೆಂದು ಮುಂದೆ ಗೊತ್ತಾಗುತ್ತದೆ.

ನಾನು ಪಶುವಿಜ್ಞಾನ ಓದಿದವನು, ವೈದ್ಯನಲ್ಲ. ನವಿ ಮುಂಬೈಯ ಒಂದು ಕಾಲೇಜಿನಲ್ಲಿ ಜಾನುವಾರು ಸಾಕಣೆಯ ಮೊದಲ ಪಾಠಗಳನ್ನು ಮಾಡುತ್ತೇನೆ. ಹೊಟ್ಟೆಯ ನಾಲ್ಕು ಕೋಣೆಗಳು, ಹಾಲಿನ ಕೊಬ್ಬು, ಸಗಣಿಯ ಗ್ಯಾಸು, ಕೊನೆಗೆ ಸಾಕಣೆಯಲ್ಲಿ ಈಚೆಗೆ ಬಂದ ಪದ್ಧತಿಗಳು. ಹೋಟೆಲಿನಲ್ಲಿ ಉಳಿದದ್ದನ್ನು ಮೇವಾಗಿಸುವ ಪದ್ಧತಿಯ ಪಾಠ ಬಂದರೆ ನನಗೆ ಹುರುಪು. ವಿದ್ಯಾರ್ಥಿಗಳು ಎಮ್ಮೆಯನ್ನು ಟ್ರಾಫಿಕ್ಕಿನಲ್ಲಷ್ಟೇ ನೋಡಿದವರು. ನಾನೂ ಬೋರ್ಡಿನ ಮೇಲೆ ಬಿಡಿಸಿದಷ್ಟು ಎಮ್ಮೆಗಳನ್ನು ಕೈಯಿಂದ ಮುಟ್ಟಿದವನಲ್ಲ.

ಠಾಣೆಯ ವರ್ತಕ ನಗರದಲ್ಲಿ ಅಣ್ಣನ ಉಡುಪಿ ಹೋಟೆಲು. ಅಲ್ಲಿ ಮೊಸರಿಗೆ ಬೇಕಾದ ಹಾಲು ಬರುವುದು ಕಲ್ಯಾಣದ ಅಂಚಿನ ಒಂದು ತಬೇಲಾದಿಂದ. ತಬೇಲಾ ಎಂದರೆ ನಾಲ್ಕು ಎಮ್ಮೆ ಕಟ್ಟಿದ ತಗಡಿನ ಕೊಟ್ಟಿಗೆ. ವಿಜಯಪುರದ ಕಡೆಯ ಒಬ್ಬ ಹೆಂಗಸು ಅದನ್ನು ನಡೆಸುತ್ತಾರೆ; ಗಂಡ ತೀರಿಕೊಂಡ ಮೇಲೆ ಅವರ ಮನೆ ನಡೆಯುವುದೂ ಅದರಿಂದಲೇ. ಹಾಲು ತಂದ ಟೆಂಪೋದಲ್ಲಿ ತರಕಾರಿ ಸಿಪ್ಪೆ ತುಂಬಿ ವಾಪಸು ಕಳಿಸುವುದು ಹಳೆಯ ರೂಢಿ. ಒಂದು ಭಾನುವಾರ, ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕಿನಿಂದ ದೊಡ್ಡದೊಂದು ತಿಂಡಿಯ ಆರ್ಡರ್ ರದ್ದಾಗಿ, ಇಡ್ಲಿ ಹಿಟ್ಟು ಕ್ಯಾನುಗಟ್ಟಲೆ ಉಳಿದು ಹುಳಿಬಂತು. ಚರಂಡಿಗೆ ಸುರಿಯಲು ಅಣ್ಣನಿಗೆ ಮನಸ್ಸು ಬರಲಿಲ್ಲ. ಎಮ್ಮೆಗಳಿಗೆ ಕಳಿಸು ಎಂದವನು ನಾನು. ಎಷ್ಟು ಹಾಕಬೇಕೆಂದು ಆಕೆಗೆ ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿದವನೂ ನಾನೇ.

ಮರುದಿನ ಬೆಳಿಗ್ಗೆ ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ಆಕೆಯ ಫೋನ್ ಬಂತು.

"ಸರ, ದೊಡ್ಡೆಮ್ಮಿ ಮಲಗೇದ. ಏಳವಲ್ದು. ಲಗೂ ಬರ್ರಿ."

ಕಲ್ಯಾಣ ಎರಡೇ ಸ್ಟೇಷನ್ ದೂರ. ಅಷ್ಟರಲ್ಲೇ ನನ್ನ ಅಂಗೈ ಬೆವರಿ ರೈಲಿನ ಹಿಡಿಕೆ ಜಾರುತ್ತಿತ್ತು. ತಲೆಗೊಂದು ತಂಬಿಗೆ, ಭೂಸಾದ ಜೊತೆ ಕಲಸಿ ಹಾಕಿ: ಹೀಗೆ ಹೇಳಿದ್ದೆ. ಹೇಳುವಾಗ ರುಬ್ಬುವ ಯಂತ್ರದ ಪಕ್ಕ ನಿಂತಿದ್ದೆ, ಅದರ ಸದ್ದಿಗೆ ದನಿ ಎತ್ತರಿಸಿದ್ದೆ. ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಆದರೂ ಹೆದರಿಕೆ ಇಳಿಯಲಿಲ್ಲ.

ನಾನು ಹೋಗುವಷ್ಟರಲ್ಲಿ ಊರಿನ ಪಶುವೈದ್ಯ ಬಂದಿದ್ದ, ಮರಾಠಿ ಮಾತಾಡುವ ತರುಣ. ಎಮ್ಮೆ ಕತ್ತನ್ನು ಪಕ್ಕೆಗೆ ಒರಗಿಸಿ ನರಳುತ್ತಿತ್ತು. ಕಣ್ಣು ಗುಳಿಬಿದ್ದಿತ್ತು. ಏನು ತಿನ್ನಿಸಿದಿರಿ ಎಂದು ಆತ ಕೇಳಿದ. ಆಕೆ ನನ್ನ ಮುಖ ನೋಡಿದರು.

ಹಸಿ ಹುಲ್ಲು ಹೆಚ್ಚಾಗಿರಬೇಕು ಎಂದುಬಿಟ್ಟೆ.

ಯಾಕೆ ಹಾಗೆಂದೆನೋ ಈಗಲೂ ಗೊತ್ತಿಲ್ಲ. ಹೆದರಿದ್ದೆ, ಅಷ್ಟೇ. ಹಾಗಾದರೆ ಗ್ಯಾಸು, ನಳಿಕೆ ಇಳಿಸಿ ಬಿಟ್ಟರೆ ಸಾಕು ಎಂದು ಆತ ಚೀಲ ಬಿಚ್ಚತೊಡಗಿದ. ನಾನು ಎಡಪಕ್ಕೆಯ ಮೇಲೆ ಕೈಯಿಟ್ಟೆ. ಗ್ಯಾಸಾಗಿದ್ದರೆ ಅದು ತಮಟೆಯಂತೆ ಬಿಗಿದಿರಬೇಕು. ಬೆರಳು ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು, ಕಲಸಿಟ್ಟ ಹಿಟ್ಟಿನ ಹಾಗೆ. ಒಳಗೆ ಹುಳಿ ಏರಿ ರಕ್ತಕ್ಕೆ ಸೇರುತ್ತಿತ್ತು. ಇದನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವನು ನಾನು. ಹುಳಿ ಹಿಟ್ಟು, ಡಾಕ್ಟರ್, ಎಂದೆ. ಆತ ಕೈ ನಿಲ್ಲಿಸಿ ಎಷ್ಟು ಎಂದ.

"ತಲೆಗೊಂದು ತಂಬಿಗೆ" ಎಂದೆ, ಸ್ವಲ್ಪವೂ ಅನುಮಾನವಿಲ್ಲದೆ.

ಬಕೆಟ್, ಎಂದರು ಆಕೆ.

ವೈದ್ಯ ಇಬ್ಬರನ್ನೂ ನೋಡಿದ. ತಂಬಿಗೆಯಾದರೆ ಔಷಧಿ ಕುಡಿಸಿ ಕಾಯಬಹುದು, ಬಕೆಟ್ಟಾದರೆ ಈಗಲೇ ಹೊಟ್ಟೆ ತೊಳೆಯಬೇಕು, ಇಷ್ಟು ಸೋತ ಎಮ್ಮೆ ಅದನ್ನು ತಡೆಯದೆಯೂ ಹೋಗಬಹುದು, ಯಾವುದೆಂದು ಸರಿಯಾಗಿ ಹೇಳಿ ಎಂದ. ಆಕೆ ಜಗಳ ಆಡಲಿಲ್ಲ. ಸೆರಗಿಗೆ ಕೈ ಒರೆಸಿ ಫೋನ್ ತೆಗೆದರು.

"ಮರ್ತೀರಿ ಸರ. ಕೇಳ್ರಿ."

ಹಿಂದೆ ರುಬ್ಬುವ ಯಂತ್ರದ ಸದ್ದು. ಅದರ ಮೇಲೆ ನನ್ನದೇ ದನಿ, ಪಾಠ ಮಾಡುವ ದನಿ: "ತಲೆಗೊಂದು ಬಕೆಟ್ ಹಾಕಿ ಅಕ್ಕಾ, ಏನೂ ಆಗುವುದಿಲ್ಲ. ಈಗ ಎಲ್ಲ ಕಡೆ ಹೀಗೇ ಮಾಡುತ್ತಾರೆ."

ತಂಬಿಗೆಯ ಮಾತೇ ಇರಲಿಲ್ಲ. ಭೂಸಾ ಕೂಡ ಇರಲಿಲ್ಲ. ಎಮ್ಮೆ ಸಾಯುತ್ತದೆಂಬ ಹೆದರಿಕೆಗಿಂತ ಬೇರೆಯೊಂದು ಹೆದರಿಕೆ ಆಗ ಹೊಕ್ಕಿತು. ರೈಲಿನಲ್ಲಿ ಅಷ್ಟು ಸ್ಪಷ್ಟವಾಗಿ ಕೇಳಿದ್ದ ತಂಬಿಗೆಯ ಆ ವಾಕ್ಯವನ್ನು ಕಟ್ಟಿದ್ದು ಯಾರು?

ಆಮೇಲಿನ ಕೆಲಸಕ್ಕೆ ಮಾತು ಬೇಕಿರಲಿಲ್ಲ. ವೈದ್ಯ ಎಮ್ಮೆಯ ಬಾಯೊಳಗಿಂದ ದಪ್ಪ ನಳಿಕೆ ಇಳಿಸಿ, ನೀರು ತುಂಬಿಸಿ, ನಳಿಕೆಯ ತುದಿ ಬಗ್ಗಿಸಿ ಹೊರಗೆ ಹರಿಸಿದ, ಮತ್ತೆ ತುಂಬಿಸಿದ. ಬೆಳ್ಳಗಿನ ಹುಳಿನೀರು ನನ್ನ ಚಪ್ಪಲಿಯ ಮೇಲೆ ಹರಿಯಿತು. ಅಡುಗೆ ಸೋಡಾ ಕದಡಿ ಕುಡಿಸಿ, ಕತ್ತಿನ ನರಕ್ಕೆ ಸಲೈನ್ ಹಚ್ಚಿದ. ಉಳಿದ ಮೂರು ಎಮ್ಮೆಗಳು ಅರ್ಧಕ್ಕೇ ಬಿಟ್ಟಿದ್ದವಂತೆ; ಅವಕ್ಕೂ ಸೋಡಾ ನೀರು ಆಯಿತು. ಸಂಜೆಯೊಳಗೆ ಹೊಟ್ಟೆ ಅಲುಗಿದರೆ ಬದುಕಿತು ಎಂದು ಹೇಳಿ ಹೊರಟುಹೋದ.

ನಾನು ಸಗಣಿಯಲ್ಲೇ ಕುಳಿತು ಎಡಪಕ್ಕೆಗೆ ಕಿವಿ ಹಚ್ಚಿದೆ. ಆರೋಗ್ಯವಿರುವ ಹೊಟ್ಟೆಯಲ್ಲಿ ಆಗಾಗ ದೂರದ ಗುಡುಗಿನಂಥ ಸದ್ದು ಬರುತ್ತದೆ. ಮಧ್ಯಾಹ್ನವಿಡೀ ನನ್ನ ಎದೆಬಡಿತವೇ ಕೇಳುತ್ತಿತ್ತು. ನಾಲ್ಕರ ಸುಮಾರಿಗೆ ಒಳಗೆ ಏನೋ ಹೊರಳಿದಂತಾಯಿತು. ಸದ್ದೋ, ನನ್ನ ಆಸೆಯೋ? ಬೆಳಗಿನಿಂದ ನನ್ನ ಮಾತನ್ನು ನಾನೇ ನಂಬುವಂತಿರಲಿಲ್ಲ.

"ಅಕ್ಕಾ, ನೀವೊಮ್ಮೆ ಕೇಳಿ" ಎಂದೆ.

ಆಕೆ ಪಕ್ಕದಲ್ಲಿ ಕುಳಿತು ಕಿವಿಯಿಟ್ಟರು. ಇನ್ನೊಂದು ಕಿವಿಯನ್ನು ಸೆರಗಿನಿಂದ ಮುಚ್ಚಿಕೊಂಡರು.

"ಗುಡಗತೈತ್ರಿ" ಎಂದರು ಮೆಲ್ಲಗೆ. ಎದ್ದು ಒಣಹುಲ್ಲಿನ ಒಂದು ಹಿಡಿ ತಂದು ಅದರ ಮೂತಿಯ ಮುಂದೆ ಇಟ್ಟರು. ಎಮ್ಮೆ ಮೂಸಿ ನೋಡಿತು. "ಇನ್ನ ಮುಂದ ಕ್ಲಾಸಿನ್ಯಾಗ ಏನ ಬೇಕಾದ್ದ ಹೇಳ್ರಿ ಸರ. ನನಗ ಹೇಳೂ ಮುಂದ ಮಾತ್ರ ಬರದ ಕೊಡ್ರಿ."

ಜೇಬಿನಲ್ಲಿದ್ದ ಪೆನ್ನು ತೆಗೆದು, ಗೋಡೆಗೆ ತೂಗಿದ್ದ ಕ್ಯಾಲೆಂಡರಿನ ಮೇಲೆ ಬರೆದೆ: ಹುಳಿ ಹಿಟ್ಟು ಬೇಡ. ಬರೆದದ್ದನ್ನು ಎರಡು ಸಲ ಓದಿ ನೋಡಿದೆ.