ಜಪಾನಿಗೆ ಹೊರಟ ಬೂಟು

ಬೂಟು ಹಾಕಿಕೊಳ್ಳುವುದು ಪುರುಷಪ್ರಯತ್ನದಿಂದ ಸಾಧ್ಯ. ಬಿಚ್ಚುವುದಕ್ಕೆ ಮಾತ್ರ ದೈವಾನುಗ್ರಹ ಬೇಕು. ಸಂಜೆ ಸ್ಕೂಲಿನಿಂದ ಬಂದು, ದೇವರಾಜ ಮೊಹಲ್ಲಾದ ನಮ್ಮ ಮನೆಯ ಹೊಸ್ತಿಲಾಚೆ ಬಗ್ಗಿ, ನನಗೂ ಬೂಟಿನ ದಾರಕ್ಕೂ ನಡುವೆ ಅಡ್ಡ ಬರುವ ಉದರವನ್ನು ಸಮಾಧಾನಪಡಿಸುತ್ತ ಗಂಟು ಬಿಚ್ಚುವಾಗಲೆಲ್ಲ, ಓದುಗ ಮಹಾಶಯರೇ, ಈ ಬೂಟು ನನ್ನ ಕಾಲಿಗೆ ಬಂದ ಕಥೆ ನೆನಪಾಗುತ್ತದೆ.

ಇದನ್ನು ಕೊಂಡದ್ದು ಅಕ್ಕನ ಮಗ ಸೀನುವಿಗಾಗಿ. ರೇಷ್ಮೆ ನೂಲು ತೆಗೆಯುವ ವಿದ್ಯೆ ಕಲಿತು ಬರಲು ಅವನನ್ನು ಜಪಾನಿಗೆ ಕಳುಹಿಸಲು ಸರ್ಕಾರ ಒಪ್ಪಿತ್ತು. ಅಕ್ಕ ಒಪ್ಪುವುದು ಬಾಕಿಯಿತ್ತು. ತಾಯಿ ಹೂಂ ಅನ್ನದೆ ಹೆಜ್ಜೆ ಕೀಳುವ ಹುಡುಗ ಅವನಲ್ಲ. ಅವನನ್ನು ಅಣಿಗೊಳಿಸುವ ಭಾರವನ್ನು, ಯಾರೂ ಹೊರಿಸದಿದ್ದರೂ, ನಾನೇ ಹೊತ್ತುಕೊಂಡೆ. ಸಮುದ್ರವನ್ನೇ ಕಾಣದಿದ್ದರೂ ಭೂಗೋಳ ಪಾಠ ಮಾಡುತ್ತಿದ್ದೆನೆಂಬುದೇ ನನ್ನ ಅರ್ಹತೆ. ಹಡಗು ಹತ್ತಿದವನು ಎಲ್ಲಿ ಇಳಿದರೂ ವಿಲಾಯತಿಯಲ್ಲೇ ಇಳಿಯುತ್ತಾನೆಂಬುದು ಆಗ ನಮ್ಮ ಬೀದಿಯ ಸರ್ವಸಮ್ಮತ ಸಿದ್ಧಾಂತ. ಆದ್ದರಿಂದ ಸೀನುವಿನ ಕೊರಳಿಗೆ ಟೈ ಬಿಗಿದೆ, ಬೆಳೆಯುವ ಹುಡುಗನೆಂದು ದೊಡ್ಡ ಅಳತೆಯ ಬೂಟು ತಂದೆ, ಮೇಜಿನ ಮೇಲೆ ಇಡ್ಲಿಯಿಟ್ಟು ಚಾಕು ಮತ್ತು ಮುಳ್ಳುಚಮಚದ ಅಭ್ಯಾಸ ಆರಂಭಿಸಿದೆ. ಮೊದಲ ಪಾಠದಲ್ಲೇ ಇಡ್ಲಿ, ಶಿಷ್ಯನಿಗಿಂತ ಮೊದಲು ದೇಶಾಂತರ ಹೊರಟು, ತುಳಸಿಕಟ್ಟೆಯ ಬಳಿ ಇಳಿಯಿತು.

ಅಕ್ಕ ನಗಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡಳು. "ವಾಪಸ್ ಬಂದ್ಮೇಲೆ ನನ್ನೆದುರು ಮಣೆ ಹಾಕ್ಕೊಂಡು ಕೂತು ಉಣ್ತಾನೇನೋ ಇವನು? ನಾನು ಕಳಿಸಲ್ಲ ಕಣೋ" ಎಂದಳು. ನನ್ನ ಸಹಾಯ ಹೀಗೆ ಫಲಿಸಿತು. ಸೀನು ಟೈ ಬಿಚ್ಚಿ ಗೂಟಕ್ಕೆ ಸಿಕ್ಕಿಸಿದ. ನನಗೆ ನಿಜಕ್ಕೂ ಸಂಕಟವಾಯಿತು.

ಕೊನೆಯ ಉಪಾಯವೆಂದು, ಜಪಾನಿನಲ್ಲೇ ಓದಿ ಬಂದಿದ್ದ ಗೋಪಾಲಯ್ಯನವರನ್ನು, ಬಂದು ಅಕ್ಕನಿಗೆ ಧೈರ್ಯ ಹೇಳಿರೆಂದು ಕೇಳಿಕೊಂಡೆ. ಪರದೇಶ ಕಂಡವರಿಗೆ ನಮ್ಮ ಮನೆಯಲ್ಲಿ ಸಂಕೋಚವಾಗದಿರಲೆಂದು ಸೀನುವಿನ ಬೂಟನ್ನು ನಾನೇ ಹಾಕಿಕೊಂಡು ನಡುಮನೆಯಲ್ಲಿ ಕಾದೆ. ಬಂದವರು ಜೋಡು ಹೊರಗೇ ಬಿಟ್ಟು, ಕಾಲು ತೊಳೆದು, ನಾನು ತೋರಿಸಿದ ಕುರ್ಚಿಯನ್ನು ಕಡೆಗಣಿಸಿ, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಅಲ್ಲೂ ಹೀಗೇನಾ?" ಎಂದಳು ಅಕ್ಕ.

"ಹೀಗೇ ತಾಯಿ. ಜೋಡು ಬಾಗಿಲಲ್ಲೇ ಬಿಡ್ಬೇಕು, ಚಾಪೆ ಮೇಲೆ ಕೂತು ಅನ್ನ ಉಣ್ಬೇಕು. ಯಾರನ್ನ ಕಂಡ್ರೂ ಸೊಂಟ ಬಗ್ಗಿಸಿ ನಮಸ್ಕಾರ. ಬೂಟುಗಾಲಲ್ಲಿ ಒಳಗೆ ಬಂದೋರ್ನ ಮಾತ್ರ..." ಎಂದವರು ನನ್ನ ಕಾಲು ನೋಡಿ, ಸೌಜನ್ಯದಿಂದ ಅಲ್ಲಿಗೇ ನಿಲ್ಲಿಸಿದರು. ಅಲ್ಲಿ ಅನ್ನದ ಜೊತೆ ಬಡಿಸುವ ಮೀನಿನ ವಿಷಯವನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಅಕ್ಕ ಮಗನ ತಲೆ ಸವರಿದಳು. "ಹೋಗ್ಬಾ ಮಗು. ನಿಮ್ಮಾವ ಕಲಿಸಿದ್ದೆಲ್ಲ ಮರೆತ್ಬುಡು, ನಾನು ಕಲಿಸಿದ್ದೇ ಸಾಕು."

ಸೀನು ಚಪ್ಪಲಿಯಲ್ಲೇ ರೈಲು ಹತ್ತಿದ. ಬೂಟು ನನಗೆ ಉಳಿಯಿತು. ಈಗ ಸಂಜೆ ನಾನು ಹೊಸ್ತಿಲಾಚೆ ಬಗ್ಗಿ ಗಂಟಿನೊಡನೆ ಗುದ್ದಾಡುತ್ತಿದ್ದರೆ, ಮಗನ ಮಣೆಯನ್ನು ದಿನವೂ ಒರೆಸಿ ಗೋಡೆಗೆ ಒರಗಿಸಿಡುವ ಅಕ್ಕ ಒಳಗಿನಿಂದಲೇ ಹೇಳುತ್ತಾಳೆ: "ಬಗ್ಗೋದು ಚೆನ್ನಾಗಿ ಬಂತು ಕಣೋ. ಇನ್ನು ನೀನೂ ಜಪಾನಿಗೆ ಹೋಗ್ಬಹುದು. ಹೋಗಿ ಅವನನ್ನ ಕರ್ಕೊಂಡು ಬಾ."