ಹಗ್ಗದ ಆ ತುದಿ

ಮೊದಲ ಸಲ ಬರೆಯುತ್ತಿದ್ದೇನೆ, ಹೇಳುವುದು ಹದ ತಪ್ಪಿದರೆ ಕ್ಷಮಿಸಿ. ಪಂಪ್ ರಿಪೇರಿ ನನ್ನ ಕೆಲಸ. ಹಾಗೆ ಕೆಲಸಕ್ಕೆ ಹೋದ ಮುಕ್ಕುಂದ ಎಂಬ ಹಳ್ಳಿಯಲ್ಲಿ ಒಬ್ಬ ಹೆಂಗಸು ಒಬ್ಬಳೇ ಭತ್ತ ನಾಟಿ ಮಾಡುತ್ತಿದ್ದಳು. ಸಾಲು ನೇರ ಬರಬೇಕಾದರೆ ಹಗ್ಗದ ಎರಡೂ ತುದಿ ಹಿಡಿಯಬೇಕು, ಅಂದರೆ ಇಬ್ಬರು ಬೇಕು. ಗಂಡ ಹಾಸಿಗೆ ಹಿಡಿದ ಮೇಲೆ ಮೈದುನರು ಇತ್ತ ಸುಳಿದಿರಲಿಲ್ಲವಂತೆ. ಸಸಿ ಬಲಿತು ಹಾಳಾಗುವುದರಲ್ಲಿತ್ತು. ಹಗ್ಗದ ಆ ತುದಿಯನ್ನು ವಿಭೂತಿ ಹಚ್ಚಿದ ಗೂಟಕ್ಕೆ ಕಟ್ಟಿದ್ದಳು.

“ಆ ಕಡೆ ಯಾರೂ ಇಲ್ಲಲ್ಲವ್ವ?”

“ಶಿವ ಹಿಡಿದಾನ್ರೀ. ಎಲ್ಲಾರೂ ಹೋದ್ರೂ ಅಂವ ನಿಂತಾನ. ಮುಂದಿನ ಸಾಲಿಗೆ ನಡಿಯಂಗಿಲ್ಲ ಅಷ್ಟ, ನಾನೇ ಹೋಗಿ ಸರಿಸ್ತೀನಿ.”

ಅರ್ಧ ಗದ್ದೆ ಮುಗಿದಿತ್ತು, ಒಂದು ಸಾಲೂ ಸೊಟ್ಟ ಇರಲಿಲ್ಲ. ನಾನು ಪ್ಯಾಂಟ್ ಮಡಚಿ ಕೆಸರಿಗಿಳಿದು ಗೂಟ ಕಿತ್ತು ಸರಿಸಿದೆ.

“ನೋಡ್ರೀ, ಶಿವಗ ಕಾಲೂ ಬಂದ್ವು,” ಎಂದಳು.

ನಾನು ದೇವರಲ್ಲ, ಅವಳ ಮಾತಿನ ಅರ್ಥ ಏನಂದರೆ... ಇರಿ, ಅಂಗಡಿಯಿಂದ ಕೂಗುತ್ತಿದ್ದಾರೆ, ಮಸ್ಕಿಯಲ್ಲಿ ಯಾರದೋ ಪಂಪ್ ನಿಂತಿದೆಯಂತೆ.