ಸಂಜೆ ಆರರ ಮುಖ

ಹಾಜರಿ ಮಷೀನಿಗೆ ಮುಖ ತೋರಿಸುವ ವಿದ್ಯೆಯನ್ನು ನನಗೆ ಮೊದಲು ಹೇಳಿಕೊಟ್ಟವನು ನಮ್ಮ ಅಮೀರ್‌ಪೇಟ್ ಆಫೀಸಿನ ಗೇಟ್ ಕಾಯುವ ಮಲ್ಲಪ್ಪ. ಬೀದರ್ ಕಡೆಯವನು. ಸಿನಿಮಾವನ್ನೂ ಪೇಪರಿನ ವಿಚಿತ್ರ ಸುದ್ದಿಯನ್ನೂ ಒಂದೇ ಭಕ್ತಿಯಿಂದ ನಂಬುವವನು.

ಅವತ್ತು ಸೋಮವಾರ. ಗುಡಿಗೆ ಹೋಗಿ, ವಿಭೂತಿ ಹಚ್ಚಿಕೊಂಡು, ಅಪರೂಪಕ್ಕೆ ಗೆಲುವಾಗಿ ಬಂದಿದ್ದೆ. ಮಷೀನು ನಾಲ್ಕು ಸಲ ‘ಗುರುತು ಸಿಗಲಿಲ್ಲ’ ಎಂದಿತು. ಇನ್ನೆರಡು ನಿಮಿಷ ಕಳೆದರೆ ಅರ್ಧ ದಿನದ ರಜೆ ಕಟ್. ಉಳಿದಿದ್ದ ರಜೆಯೆಲ್ಲ ಅವ್ವನ ಕಣ್ಣಿನ ಆಪರೇಷನ್ನಿಗೆ ಬೇಕಿತ್ತು. ವಿಭೂತಿ ಒರೆಸಲು ಕೈಯೆತ್ತಿದೆ. ಮಲ್ಲಪ್ಪ ತಡೆದ.

“ಏ, ಅಳಿಸಬ್ಯಾಡ್ರಿ ಅಕ್ಕಾರ! ಶಿವನ ತಪ್ಪಿಲ್ಲ. ಸಿನಿಮಾದಾಗ ಹೀರೋ ಒಂದು ಮೀಸಿ ಹಚ್ಚಿದ್ರ ವಿಲನ್‌ಗೆ ಗುರ್ತ ಸಿಗಂಗಿಲ್ಲ ನೋಡ್ರಿ, ಇದರ ಶಾಣ್ಯಾತನಾನೂ ಅಷ್ಟ. ಎಲ್ಲೋ ಒಂದು ಮಷೀನು ಆಡಿಗೆ ಹಾಜರಿ ಹಾಕೇತಂತ, ಪೇಪರಿನ್ಯಾಗ ಬಂದಿತ್ತು. ಈ ಮಷೀನಿಗೆ ನಿಮ್ಮ ಮೊದಲ ಫೋಟೋ ತಗೊಂಡಾಗ ಸಂಜಿ ಆರಾಗಿತ್ರಿ, ದಣದಿದ್ರಿ. ಆ ಮಾರಿ ಮಾಡ್ರಿ.”

ಮೆಹದಿಪಟ್ಟಣಂ ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಹೋಗುವುದನ್ನು ನೆನೆದೆ. ಮುಖ ತಾನಾಗಿಯೇ ಜೋತುಬಿತ್ತು. ‘ಸ್ವಾಗತ’ ಎಂದಿತು ಮಷೀನು.

ನಿಮಗೆ ಗೊತ್ತಿರುವವರಿಗೆಲ್ಲ ಹೇಳಿಬಿಡಿ: ಮಷೀನಿಗೆ ಮೊದಲ ಫೋಟೋ ಕೊಡುವ ದಿನ ಅಪ್ಪಿತಪ್ಪಿಯೂ ನಗಬೇಡಿ. ಆಮೇಲೆ ದಿನಾ ನಗುವುದು ಯಾರ ಕೈಲಾಗುತ್ತದೆ?